ಟಿಟಿಕಟ್ಟಿನ ರೈತ ಪಾದ್ರಿ ಐಸಾಕ್ ಬ್ಯಾಕಸ್

ಧರ್ಮಕ್ಕೆಂದು ಮನಸಾರೆ ಕೊಟ್ಟದ್ದು ದಾನವೆನಿಸುವುದು. ಸೆರೆಮನೆಗೆ ಹೆದರಿ ಕೊಟ್ಟದ್ದು ಕಪ್ಪವೆನಿಸುವುದು. ಈ ಭೇದವನ್ನು ಅಧಿಕಾರಸ್ಥರಿಗೆ ತಿಳಿಯಹೇಳುವುದರಲ್ಲಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆದವನು ಉತ್ತರ ಅಮೆರಿಕದ ಐಸಾಕ್ ಬ್ಯಾಕಸನು. ಆತನು ಹಳ್ಳಿಯ ಸಭೆಯೊಂದಕ್ಕೆ ಪಾದ್ರಿಯೂ, ಹೊಲ ಗೇಯುವ ಒಕ್ಕಲಿಗನೂ ಆಗಿದ್ದನು.

ಆತನು ಕನೆಕ್ಟಿಕಟ್ ಪ್ರಾಂತದ ನಾರ್ವಿಚ್ ಎಂಬ ಊರಿನಲ್ಲಿ 1724ನೆಯ ಇಸವಿ ಜನವರಿ 9ರಂದು ಒಕ್ಕಲು ಮನೆತನವೊಂದರಲ್ಲಿ ಜನಿಸಿದನು. 1740ರಲ್ಲಿ ತಂದೆಯು ತೀರಿಕೊಂಡನು. ಆ ಕಾಲದಲ್ಲಿ ನ್ಯೂ ಇಂಗ್ಲೆಂಡಿನಲ್ಲೆಲ್ಲ ಧಾರ್ಮಿಕ ಜಾಗೃತಿಯೊಂದು ಕಾಡುಗಿಚ್ಚಿನಂತೆ ಹಬ್ಬಿದ್ದಿತು. 1741ರ ಆಗಸ್ಟ್ ತಿಂಗಳಿನಲ್ಲಿ ಆತನು ಒಬ್ಬನೇ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಮನಃಪರಿವರ್ತನೆಯಾಯಿತು. ಕಾಲೇಜಿನ ವಿದ್ಯೆಯಿಲ್ಲದ ಈ ತರುಣನು 1746ರಲ್ಲಿ ಉಪದೇಶಕ್ಕೆ ತೊಡಗಿ, 1748ರಲ್ಲಿ ಮಸಾಚುಸೆಟ್ಸ್ ಪ್ರಾಂತದ ಟಿಟಿಕಟ್ ಎಂಬ ಗ್ರಾಮದ ಸಭೆಗೆ ಪಾದ್ರಿಯಾಗಿ ನೇಮಕಗೊಂಡನು. ಮರುವರ್ಷ ಸುಸಾನಾ ಮೇಸನ್ ಎಂಬಾಕೆಯನ್ನು ವಿವಾಹವಾದನು. ಸಭೆಯವರು ಇಷ್ಟಪಟ್ಟು ಕೊಟ್ಟದ್ದೇ ಆತನ ವೇತನ. ಅದು ಸಂಸಾರಕ್ಕೆ ಸಾಲದಾಗಲು ಹೊಲದ ದುಡಿಮೆಯೇ ಆಧಾರವಾಯಿತು.

ಆದರೆ ಅಲ್ಲಿಯ ಕಾನೂನು ಬೇರೆಯಾಗಿತ್ತು. ಆ ಪ್ರಾಂತಗಳಲ್ಲಿ ಕಾಂಗ್ರಿಗೇಷನಲ್ ಸಭೆಯೇ ರಾಜಮನ್ನಣೆ ಪಡೆದ ಸಭೆ. ಅದರ ಪಾದ್ರಿಯ ವೇತನಕ್ಕಾಗಿ ಊರಿನವರೆಲ್ಲರೂ ತೆರಿಗೆ ತೆರಬೇಕು. ತೆರದಿದ್ದರೆ ದನವೋ ಪಾತ್ರೆಯೋ ಜಪ್ತಿಯಾಗುವುದು, ಇಲ್ಲವೆ ಸೆರೆವಾಸ. 1752ರ ಅಕ್ಟೋಬರಿನಲ್ಲಿ ಒಂದು ರಾತ್ರಿ ನಾರ್ವಿಚ್ಚಿನ ಅಧಿಕಾರಿಗಳು ಬ್ಯಾಕಸನ ವೃದ್ಧ ತಾಯಿ ಎಲಿಜಬೆತಳನ್ನೇ ಈ ತೆರಿಗೆಯ ಸಲುವಾಗಿ ಸೆರೆಗೊಯ್ದರು. ಆ ವಿಧವೆಯು ಅಂದು ಅಸ್ವಸ್ಥಳಾಗಿದ್ದಳು. ಹದಿಮೂರು ದಿನ ಬಂಧನದಲ್ಲಿದ್ದು ಹೊರಬಂದ ಮೇಲೆ, ಸೆರೆಯೊಳಗೂ ತನಗೆ ದೈವಸಾನ್ನಿಧ್ಯವು ದೊರಕಿತೆಂದು ಮಗನಿಗೆ ಪತ್ರ ಬರೆದಳು. ಸಹೋದರ ಸ್ಯಾಮ್ಯುಯೆಲನಿಗೂ ಸೆರೆಮನೆ ತಪ್ಪಲಿಲ್ಲ.

ಇಷ್ಟರಲ್ಲಿ ಬ್ಯಾಕಸನ ಮನಸ್ಸು ಮತ್ತೊಂದು ಜಿಜ್ಞಾಸೆಯಲ್ಲಿ ತೊಳಲುತ್ತಿತ್ತು. ಅರಿಯದ ಶಿಶುವಿಗೆ ದೀಕ್ಷಾಸ್ನಾನ ಮಾಡಿಸುವುದಕ್ಕೆ ಶಾಸ್ತ್ರಾಧಾರವುಂಟೇ ಎಂಬುದು ಆತನ ಸಂಶಯ. ಬಹುಕಾಲ ವಿಚಾರಮಾಡಿ 1751ರಲ್ಲಿ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆದನು. 1756ರ ಜನವರಿಯಲ್ಲಿ ಮಿಡಲ್‌ಬರೋದಲ್ಲಿ ಬ್ಯಾಪ್ಟಿಸ್ಟ್ ಸಭೆಯನ್ನು ಸ್ಥಾಪಿಸಿ, ಮರಣದವರೆಗೂ, ಎಂದರೆ ಪೂರ್ತಿ ಐವತ್ತು ವರ್ಷ, ಅದರ ಪಾದ್ರಿಯಾಗಿದ್ದನು.

ಬ್ಯಾಪ್ಟಿಸ್ಟರಿಗೆ ತೆರಿಗೆಯಿಂದ ವಿನಾಯಿತಿ ಇರಲಿಲ್ಲವೆಂದಲ್ಲ. ಆದರೆ ವಿನಾಯಿತಿ ಬೇಕಾದವರು ತಾವು ಆ ಮತದವರೆಂಬ ಪ್ರಮಾಣಪತ್ರವನ್ನು ಒಪ್ಪಿಸಬೇಕಾಗಿತ್ತು. ಇಷ್ಟಾದರೂ ನಿರ್ಭಯವಿರಲಿಲ್ಲ. 1770ರಲ್ಲಿ ಆಶ್‌ಫೀಲ್ಡ್ ಗ್ರಾಮದ ಬ್ಯಾಪ್ಟಿಸ್ಟರ 398 ಎಕರೆ ಭೂಮಿಯನ್ನು, ಅವರ ಸ್ಮಶಾನ ಸಹಿತವಾಗಿ, ತೆರಿಗೆಗಾಗಿ ಹರಾಜು ಹಾಕಿದರು. ಇದಕ್ಕೆ ಆಸ್ಪದವಿತ್ತ ಶಾಸನವನ್ನು 1771ರಲ್ಲಿ ಇಂಗ್ಲೆಂಡಿನ ದೊರೆಯು ರದ್ದುಗೊಳಿಸಬೇಕಾಯಿತು. ಬ್ಯಾಕಸನು ಇನ್ನೂ ಮುಂದೆ ಹೋದನು. ಪ್ರಮಾಣಪತ್ರ ಕೊಡುವುದೆಂದರೆ ದೇವರ ವಿಷಯದಲ್ಲಿ ಸರ್ಕಾರಕ್ಕೆ ಅಧಿಕಾರವುಂಟೆಂದು ಒಪ್ಪಿದಂತೆಯೇ. ಆದ್ದರಿಂದ ಅದನ್ನೂ ಕೊಡಕೂಡದೆಂದು 1773ರಲ್ಲಿ ಸಾರಿದನು. ಧರ್ಮಸ್ವಾತಂತ್ರ್ಯಕ್ಕಾಗಿ ಸಾರ್ವಜನಿಕರಿಗೆ ಬಿನ್ನಹ ಮಾಡಿದ ಆತನ ಪುಸ್ತಕವು ಪ್ರಕಟವಾದದ್ದೂ ಅದೇ ವರ್ಷವೇ.

ಬೋಸ್ಟನ್ನಿನ ಜನರು ಚಹದ ಸುಂಕವನ್ನು ವಿರೋಧಿಸಿ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದದ್ದೂ 1773ರಲ್ಲಿಯೇ. ಬ್ಯಾಕಸನು ಆ ನಾಯಕರಿಗೆ ಅವರದೇ ನ್ಯಾಯವನ್ನು ತಿರುಗಿಸಿ ಹೇಳಿದನು. ಚಹ ಕೊಳ್ಳದವನಿಗೆ ಚಹದ ಸುಂಕವಿಲ್ಲ. ಈ ಸಭಾತೆರಿಗೆಯಿಂದ ತಪ್ಪಿಸಿಕೊಳ್ಳಲು ಮಾರ್ಗವೆಲ್ಲಿ? ತಮ್ಮ ಪ್ರತಿನಿಧಿಯಿಲ್ಲದ ಪಾರ್ಲಿಮೆಂಟು ತೆರಿಗೆ ಹೇರುವುದು ಅನ್ಯಾಯವಾದರೆ, ತಾವು ಸೇರದ ಸಭೆಗಾಗಿ ತೆರುವುದು ನ್ಯಾಯವಾದೀತೇ? 1774ರ ಅಕ್ಟೋಬರ್ 14ರಂದು ಫಿಲಡೆಲ್ಫಿಯಾ ನಗರದಲ್ಲಿ ಆತನೂ, ರೋಡ್ ಐಲೆಂಡ್ ಕಾಲೇಜಿನ ಅಧ್ಯಕ್ಷ ಜೇಮ್ಸ್ ಮ್ಯಾನಿಂಗನೂ ಮಸಾಚುಸೆಟ್ಸಿನ ಪ್ರತಿನಿಧಿಗಳನ್ನು ಕಂಡು ದೂರಿತ್ತರು. ಸ್ಯಾಮ್ಯುಯೆಲ್ ಆಡಮ್ಸನೂ ಜಾನ್ ಆಡಮ್ಸನೂ ಅಲ್ಲಿದ್ದರು. ಸೌರಮಂಡಲದ ಗತಿ ಬದಲಾದರೂ ಬದಲಾದೀತು, ಮಸಾಚುಸೆಟ್ಸ್ ತನ್ನ ಸಭಾವ್ಯವಸ್ಥೆಯನ್ನು ಬಿಡಲಾರದೆಂಬ ಭಾವದ ಉತ್ತರವು ಜಾನ್ ಆಡಮ್ಸನಿಂದ ಬಂದಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುವವರ ಬಾಯಿಂದಲೇ ಈ ಮಾತು ಬಂದಿತೆಂಬುದು ವಿಚಾರಾರ್ಹವಾಗಿದೆ.

ಆದರೂ ಬ್ಯಾಕಸನು ದೇಶದ ಸ್ವಾತಂತ್ರ್ಯಪಕ್ಷವನ್ನು ಬಿಡಲಿಲ್ಲ. 1780ರಲ್ಲಿ ಮಸಾಚುಸೆಟ್ಸಿನ ಹೊಸ ಸಂವಿಧಾನವು ಹಳೆಯ ತೆರಿಗೆಯನ್ನೇ ಉಳಿಸಿಕೊಂಡಾಗ ಮತ್ತೆ ಲೇಖನಿ ಹಿಡಿದನು. 1788ರಲ್ಲಿ ಸಂಯುಕ್ತ ಸಂಸ್ಥಾನಗಳ ಸಂವಿಧಾನವನ್ನು ಪರಿಶೀಲಿಸಲು ನೆರೆದ ಮಸಾಚುಸೆಟ್ಸ್ ಪರಿಷತ್ತಿನಲ್ಲಿ ಪ್ರತಿನಿಧಿಯಾಗಿದ್ದನು. ಬ್ಯಾಪ್ಟಿಸ್ಟ್ ಪ್ರತಿನಿಧಿಗಳಲ್ಲಿ ಹಲವರು ವಿರೋಧಿಸಿದರೂ, ಅಧಿಕಾರಪದವಿಗೆ ಮತಪರೀಕ್ಷೆ ಕೂಡದೆಂಬ ವಿಧಿಯನ್ನು ಆತನು ಪ್ರಶಂಸಿಸಿ ಅನುಮೋದಿಸಿದನು. 187ಕ್ಕೆ 168 ಮತಗಳಿಂದ ಅದು ಅಂಗೀಕೃತವಾಯಿತು. ನ್ಯೂ ಇಂಗ್ಲೆಂಡಿನ ಬ್ಯಾಪ್ಟಿಸ್ಟರ ಇತಿಹಾಸವನ್ನು ಆತನು 1777, 1784, 1796ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಕಷ್ಟಪಟ್ಟವರ ಹೆಸರೂ, ಜಪ್ತಿಯಾದ ಸೊತ್ತೂ ಮರೆತುಹೋಗದಿರಲೆಂಬುದೇ ಆ ಶ್ರಮದ ಉದ್ದೇಶ.

ಆತನನ್ನು ಇಂದಿನ ಅರ್ಥದಲ್ಲಿ ಸರ್ವಮತ ಸಮಭಾವದವನೆಂದು ಹೇಳುವುದು ಸತ್ಯಕ್ಕೆ ದೂರ. ದೇಶವು ಕ್ರೈಸ್ತ ನೀತಿಯಲ್ಲಿಯೇ ನಡೆಯಬೇಕೆಂದು ಆತನು ಬಯಸಿದ್ದನು. ಆದರೆ ಆ ನೀತಿಯು ದಂಡನೆಯಿಂದ ಹುಟ್ಟುವುದಿಲ್ಲವೆಂಬುದು ಆತನ ದೃಢನಿಶ್ಚಯ.

1800ರಲ್ಲಿ ಪತ್ನಿ ಸುಸಾನಾ ಗತಿಸಿದಳು. ಐವತ್ತೊಂದು ವರ್ಷದ ದಾಂಪತ್ಯ ಮುಗಿಯಿತು. 1806ನೆಯ ಇಸವಿ ನವೆಂಬರ್ 20ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಬ್ಯಾಕಸನು ಮಿಡಲ್‌ಬರೋದಲ್ಲಿಯೇ ಕಾಲವಾದನು. ಆಗಲೂ ಆ ತೆರಿಗೆಯ ಕಾನೂನು ಜಾರಿಯಲ್ಲಿತ್ತು. ತಾಯಿಯನ್ನು ಸೆರೆಗೊಯ್ದ ಕನೆಕ್ಟಿಕಟ್ ಪ್ರಾಂತವು 1818ರಲ್ಲಿ ಅದನ್ನು ಕೈಬಿಟ್ಟಿತು. ಮಗನು ಬಾಳಿದ ಮಸಾಚುಸೆಟ್ಸ್ 1833ರಲ್ಲಿ, ಆತನು ಮಣ್ಣಾಗಿ ಇಪ್ಪತ್ತೇಳು ವರ್ಷಗಳಾದ ಮೇಲೆ, ಕೈಬಿಟ್ಟಿತು.