ಲಾರಿಯ ಮರದ ಕ್ಯಾಬಿನ್ನಿಗೆ ಹಾಡು ಬಂದ ಬಗೆ

ಶಿವಮೊಗ್ಗೆಯಲ್ಲೂ ಭದ್ರಾವತಿಯಲ್ಲೂ ಊರ ನಡುವೆ ಹಾದುಹೋಗುವ ಹೆದ್ದಾರಿಗೆ ಹೆಸರು ಒಂದೇ, ಬಿ.ಎಚ್. ರಸ್ತೆ. ಬೆಂಗಳೂರು-ಹೊನ್ನಾವರ ಎಂಬುದರ ಸಂಕ್ಷಿಪ್ತ ರೂಪ ಅದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಜೊತೆಗೆ ಮಲೆನಾಡಿನ ಅಡಿಕೆ ವಹಿವಾಟು. ಇವುಗಳ ಸರಕು ಹೊತ್ತ ಲಾರಿಗಳು ದಶಕಗಳ ಕಾಲ ಈ ದಾರಿಯಲ್ಲಿ ಓಡಾಡಿದವು. ಆ ಲಾರಿಗಳಿಗೆ ಹಾಡು ಹೇಗೆ ಬಂತು ಎಂಬುದನ್ನು ಮಾತ್ರ ಯಾವ ಕಾರ್ಖಾನೆಯ ಇತಿಹಾಸವೂ ಹೇಳುವುದಿಲ್ಲ.

ಕಾರಿಗೆ ರೇಡಿಯೊ ಬಂದದ್ದು ಅಮೆರಿಕದಲ್ಲಿ. 1930ರಲ್ಲಿ ಪಾಲ್ ಗ್ಯಾಲ್ವಿನ್ ಅವರ ಕಂಪನಿ ಮಾರುಕಟ್ಟೆಗೆ ತಂದ ಕಾರು ರೇಡಿಯೊಗೆ 'ಮೋಟೊರೋಲಾ' ಎಂದು ಹೆಸರಿಟ್ಟರು. ಅಂದಿನ ರೇಡಿಯೊಗಳೆಲ್ಲ ವಾಲ್ವಿನವು. ಗಾತ್ರ ದೊಡ್ಡದು, ಬ್ಯಾಟರಿಯನ್ನು ಹೀರುವುದೂ ಹೆಚ್ಚು. 1955ರ ಹೊತ್ತಿಗೆ ಟ್ರಾನ್ಸಿಸ್ಟರ್ ಕಾರು ರೇಡಿಯೊ ಬಂದ ಮೇಲೆ ಪೆಟ್ಟಿಗೆ ಚಿಕ್ಕದಾಯಿತು. ನಮ್ಮಲ್ಲಾದರೋ 1980ರ ದಶಕದ ಮಧ್ಯದವರೆಗೂ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಇಂದಿನವರಿಗೆ ಇದು ತಮಾಷೆಯಾಗಿ ಕಂಡೀತು.

ಭದ್ರಾವತಿ ಆಕಾಶವಾಣಿ ಕೇಂದ್ರ ಶುರುವಾದದ್ದು 1965ರಲ್ಲಿ. 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗಾಂತರದಲ್ಲಿ ಅದರ ದನಿ ಬಯಲುಸೀಮೆಯಲ್ಲೂ ಕೇಳುತ್ತಿತ್ತು. ಆದರೆ ಲಾರಿ ಹುಲಿಕಲ್ ಘಾಟಿಯನ್ನೋ ಗೇರುಸೊಪ್ಪೆ ಘಾಟಿಯನ್ನೋ ಇಳಿಯತೊಡಗಿದಾಗ ಗುಡ್ಡಗಳ ಮರೆಯಲ್ಲಿ ದನಿ ಕ್ಷೀಣಿಸಿ ಗರಗರ ಸದ್ದಷ್ಟೇ ಉಳಿಯುವುದುಂಟು. ರಾತ್ರಿ ಕಾರ್ಯಕ್ರಮ ಮುಗಿದ ಮೇಲಂತೂ ಕೇಂದ್ರವೇ ಮೌನ. ಚಾಲಕನಿಗೆ ಹಾಡು ಬೇಕಾಗುವುದು ಆ ಹೊತ್ತಿನಲ್ಲೇ. ಈ ಕೊರತೆಯನ್ನು ನೀಗಿದ್ದು ಕ್ಯಾಸೆಟ್. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದಿತಾದರೂ ನಮ್ಮ ಬೀದಿಗಳಿಗೆ ಅಗ್ಗದ ಬೆಲೆಯಲ್ಲಿ ಇಳಿದದ್ದು 1980ರ ದಶಕದಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ 'ನಿತ್ಯೋತ್ಸವ' 1978ರದು. ಅದರ ಕವಿ ಕೆ.ಎಸ್. ನಿಸಾರ್ ಅಹಮದ್ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು ಎಂಬುದು ಈ ಊರಿನವರಿಗೆ ಹೆಮ್ಮೆಯ ಸಂಗತಿ.

ಆಗಿನ ಲಾರಿಯಲ್ಲಿ ಕ್ಯಾಸೆಟ್ ಪ್ಲೇಯರಿಗೆ ಜಾಗವೇ ಇರಲಿಲ್ಲ ಎನ್ನಬೇಕು. ಕಂಪನಿ ಕೊಡುತ್ತಿದ್ದುದು ಬಹುತೇಕ ಚಾಸಿ, ಎಂಜಿನ್ ಮತ್ತು ಮುಂಭಾಗ ಮಾತ್ರ. ಕ್ಯಾಬಿನ್ ಕಟ್ಟುವವರು ಬಾಡಿ ಬಿಲ್ಡರುಗಳು. ಮರದ ಚೌಕಟ್ಟು, ಅದಕ್ಕೆ ಹಲಗೆ ಅಥವಾ ತಗಡು. ಕಾರಿನ ಸೆಟ್ಟಿಗಾದರೆ ಡ್ಯಾಶ್‌ಬೋರ್ಡಿನಲ್ಲಿ ಸುಮಾರು 18 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಕಿಂಡಿ ಇರುತ್ತದೆ. ಲಾರಿಯಲ್ಲಿ ಬಡಗಿ ಗಾಜಿನ ಮೇಲ್ಗಡೆ, ದೇವರ ಪಟದ ಪಕ್ಕ, ಒಂದು ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದ. ಸ್ಪೀಕರುಗಳು ಚಾಲಕನ ಬೆನ್ನ ಹಿಂದೆ, ಮೇಲಿನ ಮೂಲೆಗಳಲ್ಲಿ.

ವೈರಿಂಗ್ ಮಾಡುವವನ ಪರೀಕ್ಷೆ ಶುರುವಾಗುವುದೇ ಇಲ್ಲಿಂದ. ಸೆಟ್ಟಿನ ಕಪ್ಪು ವೈರನ್ನು ವಾಹನದ ಬಾಡಿಗೆ ಸ್ಕ್ರೂ ಹಾಕಿ ಬಿಗಿಯಿರಿ ಎನ್ನುತ್ತದೆ ಸೆಟ್ಟಿನ ಜೊತೆ ಬರುವ ಚೀಟಿ. ಕಾರಿನ ಬಾಡಿ ಕಬ್ಬಿಣದ್ದು, ಅದೇ 'ಅರ್ತ್'. ಮರದ ಕ್ಯಾಬಿನ್ನಿಗೆ ಸ್ಕ್ರೂ ಬಿಗಿದರೆ ವಿದ್ಯುತ್ತಿಗೆ ಹಿಂದಿರುಗುವ ದಾರಿಯೇ ಇಲ್ಲ, ಸೆಟ್ ಸದ್ದು ಮಾಡದು. ಕಪ್ಪು ವೈರನ್ನು ಚಾವಣಿಯಿಂದ ಕೆಳಗೆ ಚಾಸಿಯವರೆಗೂ ಎಳೆಯಬೇಕು.

ಎರಡನೆಯದು 24 ವೋಲ್ಟಿನ ತಾಪತ್ರಯ. ಕ್ಯಾಸೆಟ್ ಸೆಟ್ಟುಗಳು 12 ವೋಲ್ಟಿನವು. ಅನೇಕ ಭಾರಿ ಲಾರಿಗಳಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ಮಾಡಿರುತ್ತಾರೆ. ಅಗ್ಗದ ಉಪಾಯವೆಂದರೆ ಚಾಸಿಯ ಕಡೆಯ ಒಂದೇ ಬ್ಯಾಟರಿಯಿಂದ ವೈರ್ ಎಳೆದುಕೊಳ್ಳುವುದು. ಹಾಡೇನೋ ಬರುತ್ತದೆ. ಆದರೆ ಆ ಬ್ಯಾಟರಿ ದಿನೇ ದಿನೇ ಸೊರಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಆರಿಸಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಎರಡೂ ಹಾಳು. ಸರಿಯಾದ ದಾರಿ 24ನ್ನು 12ಕ್ಕೆ ಇಳಿಸುವ ಪುಟ್ಟ ಕನ್ವರ್ಟರ್. ಆ ಖರ್ಚಿಗೆ ಹಿಂಜರಿದ ಮಾಲೀಕ ಬ್ಯಾಟರಿಯ ರೂಪದಲ್ಲಿ ಅದಕ್ಕಿಂತ ಹೆಚ್ಚು ತೆರುತ್ತಾನೆ.

ಸ್ಪೀಕರಿನ ಲೆಕ್ಕವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಹಳೆಯ ಸೆಟ್ಟುಗಳಲ್ಲಿ ಪ್ರತಿ ಸ್ಪೀಕರಿಗೆ ಒಂದೇ ವೈರ್ ಎಳೆದು ಇನ್ನೊಂದು ತುದಿಯನ್ನು ಚಾಸಿಗೆ ಕೊಟ್ಟರೆ ಸಾಕಾಗುತ್ತಿತ್ತು. ಹೆಚ್ಚು ಶಕ್ತಿಗಾಗಿ ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ದುಡಿಸುವ ಸೆಟ್ಟುಗಳು ಬಂದಾಗ ಹಳೆಯ ರೂಢಿಯೇ ಶತ್ರುವಾಯಿತು. ಇವುಗಳಲ್ಲಿ ಸ್ಪೀಕರಿನ ಯಾವ ತುದಿಯೂ ಚಾಸಿಯನ್ನು ಮುಟ್ಟಬಾರದು. ಮುಟ್ಟಿದರೆ ಹೊಸ ಸೆಟ್ಟಿನ ಐ.ಸಿ. ಸುಟ್ಟೇಹೋದೀತು. ಸದ್ದು ಜೋರಾಗಲೆಂದು ಒಂದೇ ಜೋಡಿ ವೈರಿಗೆ 4 ಓಮ್‌ನ ಎರಡು ಸ್ಪೀಕರ್ ಸಮಾನಾಂತರವಾಗಿ ತಗುಲಿಸಿದರೂ ಅಷ್ಟೇ. ಒಟ್ಟು 2 ಓಮ್‌ಗೆ ಇಳಿದು ಸೆಟ್ ಕಾಯುತ್ತದೆ.

ಇದರ ಮೇಲೆ ಮಲೆನಾಡಿನ ಮಳೆ. ತಿರುಚಿ ಟೇಪು ಸುತ್ತಿದ ಜೋಡಣೆಗಳು ಕಿಲುಬು ಹಿಡಿಯುತ್ತವೆ, ಸ್ಪೀಕರಿನ ಕಾಗದದ ಕೋನು ತೇವಕ್ಕೆ ಉಬ್ಬುತ್ತದೆ. ಅದಿರು ಸಾಗಿಸುವ ಲಾರಿಗೆ ಇನ್ನೊಂದು ಕಾಟ: ಕಬ್ಬಿಣದ ಪುಡಿ ಸ್ಪೀಕರಿನ ಅಯಸ್ಕಾಂತದ ಸಂದಿಗೆ ಸೇರಿದರೆ ಹಾಡುಗಾರನಿಗೆ ಗಂಟಲು ಕಟ್ಟುತ್ತದೆ!

ನಗುವ ಸಂಗತಿಯಲ್ಲದ್ದೂ ಒಂದಿದೆ. ಬ್ಯಾಟರಿಯ ಹತ್ತಿರ ಫ್ಯೂಸ್ ಹಾಕದೆ, ತಗಡಿನ ತೂತಿಗೆ ರಬ್ಬರ್ ಬಳೆ ತೊಡಿಸದೆ ಎಳೆದ ವೈರು ರಸ್ತೆಯ ಕುಲುಕಾಟಕ್ಕೆ ಸವೆದು ಶಾರ್ಟ್ ಆದರೆ ಮರದ ಕ್ಯಾಬಿನ್ ಹೊತ್ತಿಕೊಳ್ಳಲು ತಡವಿಲ್ಲ. ಹಿಂದಿನ ಬೆಂಚಿನ ಮೇಲೆ ಕ್ಲೀನರ್ ಮಲಗಿರುತ್ತಾನೆ. ಹಾಡು ನಿದ್ದೆಯನ್ನು ತಡೆಯುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಬೇಸರ ಕಳೆದೀತು, ದಣಿವು ಕಳೆಯದು. ಬೆಳಗಿನ ಜಾವದ ತೂಕಡಿಕೆಗೆ ಲಾರಿ ನಿಲ್ಲಿಸಿ ಮಲಗುವುದೊಂದೇ ಮದ್ದು. ಸರಕು ತಲುಪಿಸುವ ಅವಸರದಲ್ಲಿ ಮಾಲೀಕರು ಆ ಮದ್ದಿಗಿಂತ ಕ್ಯಾಸೆಟ್ಟನ್ನೇ ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಮರದ ಕ್ಯಾಬಿನ್ ಕೂಡ ಹಿಂದೆ ಸರಿಯುತ್ತಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರಲ್ಲಿ ಆದೇಶಿಸಿತು. ಕಂಪನಿಯ ಕ್ಯಾಬಿನ್ನಿನಲ್ಲಿ ವೈರುಗಳು ಅಚ್ಚುಕಟ್ಟಾಗಿ ಬಂದಿರುತ್ತವೆ, ಸೆಟ್ಟನ್ನು ಸಿಕ್ಕಿಸಿದರೆ ಆಯಿತು. ಹಾಡು ಈಗ ಫೋನಿನಿಂದ ಬರುತ್ತದೆ. ಘಾಟಿಯ ಕೆಲವು ತಿರುವುಗಳಲ್ಲಿ ಮಾತ್ರ ಫೋನಿಗೂ ಸಿಗ್ನಲ್ ಸಿಗುವುದಿಲ್ಲ. ಅಲ್ಲಿಗೆಂದು ಪೆನ್‌ಡ್ರೈವಿನಲ್ಲಿ ಹಾಡು ತುಂಬಿಸಿಟ್ಟುಕೊಳ್ಳಬೇಕು.