ಹೋಟೆಲಿನ ಕಾಗದದ ಮೇಲೆ ಬರೆದ ಕಾನೂನು

ಕೊಡಗಿನಲ್ಲಿ ಬೆಳೆದ ನನಗೆ ಮಾಜಿ ಸೈನಿಕರು ಹೊಸಬರಲ್ಲ. ಸೇನೆ ಬಿಟ್ಟು ಬಂದ ದೊಡ್ಡಪ್ಪ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತರು. ಕಾಲೇಜಿಗೆ ಹೋಗು ಎಂದು ಅವರಿಗೆ ಯಾರೂ ಹೇಳಲಿಲ್ಲ. ಈಗ ಟೆಕ್ಸಸ್‌ನ ಕಮ್ಯುನಿಟಿ ಕಾಲೇಜೊಂದರಲ್ಲಿ ಮಾಜಿ ಸೈನಿಕರ ಓದಿಗೆ ಸರ್ಕಾರ ಹಣ ಕೊಡುವ ‘ಜಿಐ ಬಿಲ್’ ಕಾನೂನಿನ ಕಡತಗಳನ್ನು ನೋಡುವುದೇ ನನ್ನ ಕೆಲಸ. ಯಾರು ಎಷ್ಟು ಕ್ರೆಡಿಟ್ ತೆಗೆದುಕೊಂಡಿದ್ದಾರೆಂದು ನಾನು ಸರ್ಟಿಫೈ ಮಾಡಿದ ಮೇಲೆಯೇ ಅವರ ಶುಲ್ಕವೂ ಮನೆಬಾಡಿಗೆಯೂ ಬರುವುದು. ಈ ಕಾನೂನಿನ ಚರಿತ್ರೆಯನ್ನು ಮೇಜಿನ ಈ ಬದಿಯಲ್ಲಿ ಕೂತು ಓದಿದವಳು ನಾನು.

ಅದು ಹುಟ್ಟಿದ್ದು ಕೃತಜ್ಞತೆಯಿಂದ ಎನ್ನುವುದಕ್ಕಿಂತ ಭಯದಿಂದ ಎನ್ನಬೇಕು. ಮೊದಲ ಮಹಾಯುದ್ಧದ ಸೈನಿಕರಿಗೆ 1924ರಲ್ಲಿ ಬೋನಸ್ ಕೊಡುವ ಮಾತಾಯಿತು. ಹಣ ಮಾತ್ರ 1945ಕ್ಕೆ. 1932ರಲ್ಲಿ ಕೆಲಸವಿಲ್ಲದ ಸಾವಿರಾರು ಮಂದಿ ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್ನಿಗೆ ಬಂದು ಅನಕೋಸ್ಟಿಯಾ ಬಯಲಲ್ಲಿ ಗುಡಿಸಲು ಹಾಕಿದರು. ಜುಲೈ 28ರಂದು ಜನರಲ್ ಮೆಕಾರ್ಥರ್ ಪಡೆ ಟ್ಯಾಂಕು, ಅಶ್ರುವಾಯು ತಂದು ಅವರನ್ನು ಅಟ್ಟಿತು, ಗುಡಿಸಲುಗಳು ಸುಟ್ಟುಹೋದವು. ಎರಡನೇ ಯುದ್ಧದಲ್ಲಿ ಸಮವಸ್ತ್ರ ತೊಟ್ಟವರು 1 ಕೋಟಿ 60 ಲಕ್ಷ. ಅವರು ಮರಳುವ ದಿನ ಹತ್ತಿರ ಬಂದಾಗ ಆ ಹೊಗೆ ಇನ್ನೂ ಎಲ್ಲರ ನೆನಪಿನಲ್ಲಿತ್ತು.

ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಹ್ಯಾರಿ ಕಾಲ್ಮರಿ ಮೇಫ್ಲವರ್ ಹೋಟೆಲಿನ ಕೋಣೆಯಲ್ಲಿ, ಹೋಟೆಲಿನದೇ ಕಾಗದದ ಮೇಲೆ ಕಾನೂನಿನ ಕರಡು ಬರೆದರು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಬಿತ್ತು. ಶುಲ್ಕಕ್ಕೆ ವರ್ಷಕ್ಕೆ 500 ಡಾಲರ್‌ವರೆಗೆ. ಖರ್ಚಿಗೆ ಒಂಟಿಗನಿಗೆ ತಿಂಗಳಿಗೆ 50, ಸಂಸಾರಸ್ಥನಿಗೆ 75. ಯಾವ ಕಾಲೇಜು, ಯಾವ ವಿಷಯ ಎಂಬ ಆಯ್ಕೆ ಸೈನಿಕನದೇ. ಹಣಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಆ ಆಯ್ಕೆ. ಕಾಲೇಜುಗಳು ಅಲೆಮಾರಿಗಳ ಬೀಡಾಗುತ್ತವೆಂದು ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಹೆದರಿದರು. ಬಂದವರೋ ಹಟ ಹಿಡಿದು ಓದಿದರು. 1947ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾಜಿ ಸೈನಿಕರೇ. ತಗಡಿನ ಕ್ವಾನ್‌ಸೆಟ್ ಶೆಡ್ಡುಗಳಲ್ಲಿ ಪಾಠ, ಟ್ರೇಲರುಗಳಲ್ಲಿ ಸಂಸಾರ. 1956ರ ಹೊತ್ತಿಗೆ 78 ಲಕ್ಷದಷ್ಟು ಮಂದಿ ಓದು ಇಲ್ಲವೇ ಕಸುಬಿನ ತರಬೇತಿ ಪಡೆದಿದ್ದರು.

ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ಅದನ್ನು ನಡೆಸುವ ಅಧಿಕಾರ ಆಯಾ ಊರಿನ, ರಾಜ್ಯದ ಕೈಯಲ್ಲೇ ಇರಲೆಂದು ಮಿಸಿಸಿಪ್ಪಿಯ ಸಂಸದ ಜಾನ್ ರ‍್ಯಾಂಕಿನ್ ಪಟ್ಟು ಹಿಡಿದಿದ್ದರು. ದಕ್ಷಿಣದಲ್ಲಿ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ಸೈನಿಕರಿಗೆ ಮುಚ್ಚಿದ್ದವು. ಕಪ್ಪು ಕಾಲೇಜುಗಳಲ್ಲಿ ಜಾಗ ಸಾಲದೆ ಎಷ್ಟೋ ಮಂದಿ ಬರಿಗೈಲಿ ಹಿಂದಿರುಗಿದರು. ಯುರೋಪಿನ ಯುದ್ಧದಲ್ಲಿ ದುಡಿದು ಬಂದ ಕಪ್ಪು ಸೈನಿಕ ಮೆಡ್ಗರ್ ಎವರ್ಸ್ ಆಲ್ಕಾರ್ನ್ ಕಾಲೇಜಿನಲ್ಲಿ ಪದವಿ ಪಡೆದರು. 1954ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದಾಗ ಅವರನ್ನು ಸೇರಿಸಿಕೊಳ್ಳಲಿಲ್ಲ. ವಾಷಿಂಗ್ಟನ್ ಕೊಟ್ಟ ಹಕ್ಕು ಯಾರದೋ ಮೇಜಿನ ಮೇಲೆ ಸಿಕ್ಕಿಕೊಂಡು ಸಾಯಬಹುದು. ಕಡತ ತೆರೆಯುವಾಗ ಇದು ನನ್ನನ್ನು ಎಚ್ಚರವಾಗಿಡುತ್ತದೆ.

ಈಗ ನನ್ನ ಮೇಜಿಗೆ ಬರುವವರಲ್ಲಿ ಹೆಚ್ಚಿನವರು 2008ರ ಹೊಸ ಜಿಐ ಬಿಲ್ ಕಾನೂನಿನವರು. ಕಚೇರಿ ಮಾತಿನಲ್ಲಿ ‘ಚಾಪ್ಟರ್ 33’. 36 ತಿಂಗಳ ಓದು. ಸೇನೆ ಬಿಟ್ಟು 15 ವರ್ಷದೊಳಗೆ ಬಳಸಬೇಕೆಂಬ ಗಡುವನ್ನು 2017ರಲ್ಲಿ ತೆಗೆದುಹಾಕಿದರು, ಆದರೆ 2013ರ ಜನವರಿ 1ರಿಂದೀಚೆಗೆ ಬಿಟ್ಟವರಿಗೆ ಮಾತ್ರ. ಇರಾಕಿನ ಕಡುಕಷ್ಟದ ವರ್ಷಗಳನ್ನು ಕಂಡು 2013ಕ್ಕೂ ಮೊದಲೇ ಮನೆಗೆ ಬಂದವರು, ಮಕ್ಕಳನ್ನು ದಡ ಸೇರಿಸಿ, ನಲವತ್ತು ದಾಟಿದ ಮೇಲೆ ನರ್ಸಿಂಗ್ ಓದುತ್ತೇನೆಂದು ಬಂದರೆ, ಅವಧಿ ಮುಗಿದಿದೆ ಎಂದು ನಾನು ಹೇಳಬೇಕಾಗುತ್ತದೆ. ಆ ಗಡುವು ಅವರ ಪಾಲಿಗೂ ಹೋಗಬೇಕು.