ಗುಬ್ಬಿಯ ವರ್ತಕರು ಕಟ್ಟಿಸಿದ ಛತ್ರ

ಡೋಣಿ, ಡಂಬಳ, ಮುಂಡರಗಿಗಳ ಕಡೆಯ ಹಿರಿಯರು ಬೆಂಗಳೂರಿನ ಮಾತು ಬಂದಾಗಲೆಲ್ಲ ವಿಧಾನಸೌಧಕ್ಕಿಂತ ಮೊದಲು ತೋಟದಪ್ಪನವರ ಛತ್ರವನ್ನು ನೆನೆಯುತ್ತಿದ್ದರು. ರೈಲಿನಿಂದಿಳಿದು ಗಂಟು ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆದರೆ ಸಿಗುವ ಆಶ್ರಯ ಅದು. ಆದರೆ ಆ ತೋಟದಪ್ಪನವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ರಾಜರ, ದಿವಾನರ ಚರಿತ್ರೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಅಂಗಡಿಕಾರರ ಚರಿತ್ರೆಯನ್ನು ಬರೆದಿಟ್ಟುಕೊಳ್ಳುವುದಿಲ್ಲ.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿತು. ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಆರಂಭವಾಯಿತು. ವ್ಯಾಪಾರ ಕೈಹಿಡಿಯಿತು, ಸಂಪತ್ತು ಬೆಳೆಯಿತು. ಆದರೆ ಅದನ್ನು ಅನುಭವಿಸಲು ಮಕ್ಕಳಿರಲಿಲ್ಲ. ಆ ಕಾಲದಲ್ಲಿ ಇಂಥ ಮನೆಗಳಲ್ಲಿ ದತ್ತು ತೆಗೆದುಕೊಳ್ಳುವುದೇ ವಾಡಿಕೆ. ತೋಟದಪ್ಪನವರು ತಮ್ಮ ಆಸ್ತಿಯನ್ನು ಒಂದು ಧರ್ಮಸಂಸ್ಥೆಗೆ ಬಿಟ್ಟುಕೊಟ್ಟರು.

ಛತ್ರದ ಅಗತ್ಯವೇನಿತ್ತು ಎಂಬುದನ್ನು ತಿಳಿಯಲು ಅಂದಿನ ಪ್ರಯಾಣದ ಸ್ಥಿತಿಯನ್ನು ನೋಡಬೇಕು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೂಲಕ ಹರಿಹರದತ್ತ ಮೀಟರ್‌ಗೇಜ್ ಹಳಿ ಹಾಸಲಾಯಿತು. ಇತ್ತ ಗದಗವೂ ಹುಬ್ಬಳ್ಳಿಗೆ ಸೇರಿತು. ಎತ್ತಿನ ಗಾಡಿಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದೆರಡು ದಿನಗಳದಾಯಿತು. ರೈಲು ಜನರನ್ನು ತಂದು ನಿಲ್ದಾಣದಲ್ಲಿ ಇಳಿಸುತ್ತಿತ್ತು, ಇಳಿದವರು ರಾತ್ರಿ ಎಲ್ಲಿ ಮಲಗಬೇಕೆಂಬ ಚಿಂತೆ ಅದರದಲ್ಲ. ಅಂದು ಖಾನಾವಳಿಗಳು ವಿರಳ. ಇದ್ದ ಕಡೆಯೂ ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರು. ಸಾಲದ್ದಕ್ಕೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪರವೂರಿನವನೆಂದರೆ ಬಾಗಿಲು ಮುಚ್ಚುವ ಕಾಲ ಅದು.

ತೋಟದಪ್ಪನವರು ರೈಲು ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ಜಾಗವನ್ನು ಕೊಂಡದ್ದು ಪ್ಲೇಗಿಗೆ ಮುನ್ನ, 1897ರಲ್ಲಿ. ಪೇಟೆಯ ನಡುವೆ, ತಮ್ಮ ಅಂಗಡಿಯ ಎದುರಿಗೆ, ನಾಲ್ಕು ಜನ ನೋಡುವಂತೆ ಕಟ್ಟಿಸಬಹುದಿತ್ತು. ಹಾಗೆ ಮಾಡಲಿಲ್ಲ. ಗಿರಾಕಿ ಎಲ್ಲಿ ಬರುತ್ತಾನೋ ಅಲ್ಲಿ ಅಂಗಡಿ ಇಡಬೇಕೆಂಬ ವ್ಯಾಪಾರಿಯ ತಿಳಿವಳಿಕೆ ಈ ಆಯ್ಕೆಯಲ್ಲಿ ಕೆಲಸ ಮಾಡಿದೆ ಎಂದೇ ನನ್ನ ಭಾವನೆ. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ಅವರು ರಾಜ್ಯಾಡಳಿತವನ್ನು ವಹಿಸಿಕೊಂಡದ್ದು ಹಿಂದಿನ ವರ್ಷವಷ್ಟೇ, ಹದಿನೆಂಟರ ಪ್ರಾಯದಲ್ಲಿ. ಧರ್ಮಸಂಸ್ಥೆಯ ಮೇಲ್ವಿಚಾರಣೆಯನ್ನು ತೋಟದಪ್ಪನವರು ಬಂಧುಗಳಿಗೆ ಒಪ್ಪಿಸದೆ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ಒಪ್ಪಿಸಿದರು. ಇಂದು ಬೆಂಗಳೂರಿನ ಪುರಭವನಕ್ಕಿರುವುದು ಇದೇ ಚೆಟ್ಟಿಯವರ ಹೆಸರು. ದಾನ ಮಾಡುವುದು ಸುಲಭ, ದಾನವನ್ನು ಕಾಯುವವರನ್ನು ಹುಡುಕುವುದು ಕಠಿಣ.

ಛತ್ರದ ಜೊತೆಗೆ ಬಡ ವೀರಶೈವ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ನಡೆಯಿತು. ಒಂದೇ ಸಮಾಜದ ಮಕ್ಕಳಿಗೆ ಏಕೆ ಎಂದು ಇಂದಿನವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಮೈಸೂರು ಸಂಸ್ಥಾನದ ಸರಕಾರಿ ಹುದ್ದೆಗಳು ಎಷ್ಟರಮಟ್ಟಿಗೆ ಒಂದೇ ವರ್ಗದ ಕೈಯಲ್ಲಿದ್ದವೆಂದರೆ, ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿಯನ್ನೇ ನೇಮಿಸಬೇಕಾಯಿತು. ಹಳ್ಳಿಯ ಹುಡುಗ ಕಾಲೇಜಿಗೆ ಬರದಿದ್ದುದಕ್ಕೆ ಬುದ್ಧಿಯ ಕೊರತೆಗಿಂತ ಅನ್ನದ ಕೊರತೆಯೇ ಹೆಚ್ಚು ಕಾರಣ. ಆಯಾ ಸಮಾಜದವರು ತಮ್ಮ ತಮ್ಮ ಮಕ್ಕಳಿಗೆ ಒಲೆ ಹಚ್ಚಿದರು. ಈ ನಿಲಯದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಲ್ಲಿ ಮಾಗಡಿ ತಾಲೂಕಿನ ವೀರಾಪುರದ ಶಿವಣ್ಣನೆಂಬ ಯುವಕನೂ ಒಬ್ಬ. ಮುಂದೆ 1930ರಲ್ಲಿ ಸನ್ಯಾಸ ಸ್ವೀಕರಿಸಿದ ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಮಠದ ದಾಸೋಹದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳು ಉಂಡರು. ಒಂದು ಸಮಾಜದ ಮಕ್ಕಳಿಗೆಂದು ಹಚ್ಚಿದ ಒಲೆಯ ಉರಿ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಇದೇ ಕಾಲದಲ್ಲಿ ನಮ್ಮ ನೆಲದ ಮಗನೊಬ್ಬನೂ ಇಂಥದೇ ತೀರ್ಮಾನ ಕೈಗೊಂಡಿದ್ದ. ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ, ಸಿರಸಂಗಿ ದೇಸಗತಿಗೆ ದತ್ತುಹೋದ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಉಳಿಸಿದೆ. ದೇಸಾಯರದು ಭೂಮಿಯ ಸಿರಿ, ತೋಟದಪ್ಪನವರದು ತಕ್ಕಡಿಯ ಗಳಿಕೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಹಿಡಿದ ದಾರಿ ಮೂರನೆಯದು. ಅಲ್ಲಿ ರೈತರೇ ಹಣ ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅದು ಅಂಗಡಿಕಾರನ ಉದಾರತೆಗೆ ಕಾಯದೆ, ಅವನ ಉದ್ರಿ ಖಾತೆಯಿಂದಲೇ ಬಿಡಿಸಿಕೊಳ್ಳುವ ದಾರಿ. ಎಲ್ಲ ಅಂಗಡಿಕಾರರೂ ತೋಟದಪ್ಪನವರಾಗಿದ್ದರೆ ಆ ಸಂಘದ ಅವಶ್ಯಕತೆ ಅಷ್ಟಾಗಿ ಬೀಳುತ್ತಿರಲಿಲ್ಲವೇನೋ!

ತೋಟದಪ್ಪನವರಿಗೆ ‘ರಾವ್ ಬಹದ್ದೂರ್’, ‘ಧರ್ಮಪ್ರವರ್ತ’ ಎಂಬ ಬಿರುದುಗಳು ಬಂದವು. 1910ರಲ್ಲಿ ಅವರು ನಿಧನರಾದರು. ಛತ್ರದ ಬಳಿಯಿದ್ದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಎದ್ದಿತು. ಹೀಗಾಗಿ ರೈಲಿನವರ ಜೊತೆಗೆ ಬಸ್ಸಿನವರಿಗೂ ಛತ್ರ ಹತ್ತಿರವಾಯಿತು. ಅದರ ಬದಿಯ ರಸ್ತೆಗೆ ಈಗ ಗುಬ್ಬಿ ತೋಟದಪ್ಪ ರಸ್ತೆಯೆಂದೇ ಹೆಸರು.